ಬಾಣಂತನಕ್ಕೆ ಹೊರಟವರ ಡಾಲರ್ ಲೆಕ್ಕ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ನಾನೂ ನನ್ನ ಮನೆಯವರೂ ಐದಾರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುತ್ತಿದ್ದೇವೆ. ವಿಮಾನ ಹತ್ತುವುದು ಇದೇ ಮೊದಲು. ಟಿ.ವಿ.ಯಲ್ಲಿ ತೋರಿಸುವ ಡಾಲರ್ ರೇಟಿಗೂ ತುಮಕೂರಿನಲ್ಲಿ ವಿಚಾರಿಸಿದಾಗ ಹೇಳಿದ ರೇಟಿಗೂ ಎರಡು ಮೂರು ರೂಪಾಯಿ ವ್ಯತ್ಯಾಸ ಬರುತ್ತಿದೆ, ಇದು ಮೋಸವೇ? ಎಷ್ಟು ಹಣ ನೋಟಿನಲ್ಲಿ ಒಯ್ಯಬೇಕು, ಎಷ್ಟು ಕಾರ್ಡಿನಲ್ಲಿ? ನಮ್ಮ ಬೀದಿಯವರೊಬ್ಬರು 'ನೀವು ನಮಗೆ ಇಲ್ಲಿ ರೂಪಾಯಿ ಕೊಡಿ, ಅಲ್ಲಿ ನಮ್ಮ ಹುಡುಗ ನಿಮಗೆ ಡಾಲರ್ ಕೊಡ್ತಾನೆ, ಬ್ಯಾಂಕಿನ ಸಹವಾಸವೇ ಬೇಡ' ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ? ಕುಣಿಗಲ್‌ನಲ್ಲಿರುವ ನನ್ನ ಷಡ್ಡಕರು ಮುಕ್ತಿನಾಥಕ್ಕೆ ಹೊರಟಿದ್ದಾರೆ, ಅವರಿಗೂ ಇದೇ ನಿಯಮಗಳೇ?
(ಓದುಗರು, ಗುಬ್ಬಿ)

ಉತ್ತರ: ಮೇಷ್ಟ್ರೇ, ಮೊದಲು ರೇಟಿನ ವಿಷಯ. ಮೋಸವಲ್ಲ. ಆದರೆ ನಿಮ್ಮ ದುಡ್ಡು ಸೋರುವ ಜಾಗ ಅದೇ ಆದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಟಿ.ವಿ. ಪರದೆಯ ಕೆಳಗೆ ಓಡುವ ಅಂಕಿ, ಫೋನಿನಲ್ಲಿ ಹುಡುಕಿದರೆ ಸಿಗುವ ಅಂಕಿ, ಎರಡೂ ಬ್ಯಾಂಕುಗಳು ತಮ್ಮ ತಮ್ಮಲ್ಲೇ ಕೋಟಿಗಟ್ಟಲೆ ಡಾಲರ್ ಕೊಟ್ಟು ತಗೊಳ್ಳುವಾಗಿನ ದರ. ಅಲ್ಲಿ ಒಂದು ನೋಟೂ ಕೈ ಬದಲಾಗುವುದಿಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ಅಂಕಿ ದಾಟುತ್ತದೆ ಅಷ್ಟೆ. ನಿಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ಪತ್ರಿಕೆಯಲ್ಲಿ ಬರುತ್ತದೆ, ಅದೇ ದಿನ ತೋಟದ ಬಾಗಿಲಿಗೆ ಬಂದ ವ್ಯಾಪಾರಿ ಕೊಡುವ ಬೆಲೆ ಬೇರೆ, ಗುಬ್ಬಿ ಪೇಟೆಯಲ್ಲಿ ನೀವು ಕಾಲು ಕೆ.ಜಿ. ಕೊಬ್ಬರಿ ಕೊಂಡರೆ ತೆರುವ ಬೆಲೆ ಇನ್ನೂ ಬೇರೆ. ಡಾಲರ್ ವ್ಯವಹಾರದಲ್ಲಿ ನೀವು ಚಿಲ್ಲರೆ ಗಿರಾಕಿ.

ಬ್ಯಾಂಕಿನವರು ದಿನಾ ಬೆಳಗ್ಗೆ ಒಂದು ದರಪಟ್ಟಿ ಹೊರಡಿಸುತ್ತಾರೆ. ಸ್ಟೇಟ್ ಬ್ಯಾಂಕಿನ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಒಂದೇ ಡಾಲರಿಗೆ ಹಲವು ದರಗಳಿರುತ್ತವೆ. ಖಾತೆಯಿಂದ ಖಾತೆಗೆ ಕಳಿಸುವ ಹಣಕ್ಕೆ ಒಂದು, ಪ್ರಯಾಣದ ಕಾರ್ಡಿಗೆ ಇನ್ನೊಂದು, ಕಾಗದದ ನೋಟಿಗೆ ಮತ್ತೊಂದು; ಪ್ರತಿಯೊಂದರಲ್ಲೂ ಬ್ಯಾಂಕು ಕೊಳ್ಳುವ ದರ ಬೇರೆ, ಮಾರುವ ದರ ಬೇರೆ. ನೋಟಿನ ಸಾಲಿನಲ್ಲಿ ಈ ಎರಡರ ನಡುವಿನ ಅಂತರ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದು. ಕಾರಣ ಸರಳ. ನೋಟನ್ನು ಎಲ್ಲಿಂದಲೋ ತರಿಸಬೇಕು, ವಿಮೆ ಮಾಡಿಸಬೇಕು, ತಿಜೋರಿಯಲ್ಲಿ ಇಟ್ಟುಕೊಳ್ಳಬೇಕು. ತಿಜೋರಿಯಲ್ಲಿ ಕುಳಿತ ನೋಟು ಬಡ್ಡಿ ದುಡಿಯುವುದಿಲ್ಲ. ಆ ಖರ್ಚೆಲ್ಲ ನಿಮ್ಮ ರೇಟಿನೊಳಗೆ ಸೇರಿಕೊಳ್ಳುತ್ತದೆ.

ಲೆಕ್ಕಕ್ಕೆ ಸುಲಭವಾಗಲೆಂದು ಟಿ.ವಿ. ದರ 90 ರೂಪಾಯಿ ಎಂದುಕೊಳ್ಳೋಣ (ನೀವು ಓದುವ ದಿನ ಅದು ಎಲ್ಲಿರುತ್ತದೋ). ಅಂಗಡಿಯವನು ನೋಟನ್ನು 92 ರೂಪಾಯಿ 50 ಪೈಸೆಗೆ ಮಾರಿ, ಮರಳಿ ತಂದರೆ 87 ರೂಪಾಯಿ 50 ಪೈಸೆಗೆ ಕೊಳ್ಳುತ್ತಾನೆ ಎನ್ನೋಣ. ಸಾವಿರ ಡಾಲರ್ ಕೊಂಡರೆ 92,500 ರೂಪಾಯಿ. ಟಿ.ವಿ. ದರಕ್ಕೆ ಹೋಲಿಸಿದರೆ 2,500 ಹೆಚ್ಚು. ಬೇಸರಪಟ್ಟುಕೊಂಡು ಕೊಡುತ್ತೀರಿ, ಸರಿ. ಆದರೆ 'ಇರಲಿ, ಕೈಲಿದ್ದರೆ ಧೈರ್ಯ' ಎಂದು ಹೆಚ್ಚಾಗಿ ಒಯ್ದು ಅದರಲ್ಲಿ 400 ಡಾಲರ್ ಹಾಗೇ ವಾಪಸ್ ತಂದಿರೋ, ಪ್ರತಿ ಡಾಲರಿಗೆ ಐದು ರೂಪಾಯಿಯಂತೆ ಎರಡು ಸಾವಿರ ಕಳೆದ ಹಾಗೆ. ಖರ್ಚೇ ಮಾಡದ ದುಡ್ಡಿಗೆ ತೆತ್ತ ಖರ್ಚು ಅದು. ನಮ್ಮ ಹಿರಿಯರು ಹೆಚ್ಚಾಗಿ ಜಾರುವುದು ಇಲ್ಲಿಯೇ, ಕಳ್ಳಕಾಕರ ಕೈಯಲ್ಲಲ್ಲ.

'ಕಮಿಷನ್ ಇಲ್ಲ' ಎಂಬ ಫಲಕ ಕಂಡರೆ ಹಿಗ್ಗಬೇಡಿ. ಕಮಿಷನ್ನನ್ನು ರೇಟಿನೊಳಗೇ ಬೆರೆಸಿದ ಮೇಲೆ ಬೇರೆಯಾಗಿ ಕೇಳುವುದೇನಿದೆ? ಯಾವ ಕೌಂಟರಿಗೇ ಹೋಗಿ, ಒಂದೇ ಪ್ರಶ್ನೆ ಕೇಳಿ: 'ಐನೂರು ಡಾಲರ್ ನೋಟು ನನ್ನ ಕೈಗೆ ಬರಬೇಕಾದರೆ ಎಲ್ಲ ಸೇರಿ ಎಷ್ಟು ರೂಪಾಯಿ ಕೊಡಬೇಕು?' ಆ ಒಂದು ಅಂಕಿಯನ್ನು ಎರಡು ಮೂರು ಕಡೆಯಿಂದ ಪಡೆದು ಹೋಲಿಸಿದರೆ ಗಣಿತ ಮುಗಿಯಿತು. ಜಿಎಸ್‌ಟಿ ಎಂದು ಹೆದರಿಸಿದರೂ ಅದು ದೊಡ್ಡ ಮೊತ್ತವಲ್ಲ. ಒಂದು ಲಕ್ಷ ರೂಪಾಯಿವರೆಗಿನ ವಿನಿಮಯಕ್ಕೆ ಮೊತ್ತದ ಶೇ 1ರಷ್ಟನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇ 18 ಹಾಕುತ್ತಾರೆ. ಒಂದು ಲಕ್ಷಕ್ಕೆ 180 ರೂಪಾಯಿ. ಒಂದು ಲಕ್ಷಕ್ಕೆ ಸಾವಿರಗಟ್ಟಲೆ 'ತೆರಿಗೆ' ಕೇಳಿದರೆ ಬಿಲ್ಲು ಬರೆಸಿಕೊಂಡು ಅಲ್ಲೇ ಲೆಕ್ಕ ಕೇಳಿ.

ಇನ್ನು ಎಲ್ಲಿ ಬದಲಾಯಿಸುವುದು ಎಂಬುದು. ಗುಬ್ಬಿಯ ಬ್ಯಾಂಕ್ ಶಾಖೆಯಲ್ಲಿ ಡಾಲರ್ ನೋಟು ಸಿಗುತ್ತದೆಂದು ಎಣಿಸಬೇಡಿ. ವಿದೇಶಿ ವಿನಿಮಯದ ವ್ಯವಹಾರ ಬ್ಯಾಂಕಿನ ಆಯ್ದ ಶಾಖೆಗಳಲ್ಲಿ ಮಾತ್ರ, ಅಲ್ಲಿಯೂ ನೋಟಿನ ದಾಸ್ತಾನು ಸದಾ ಇರುವುದಿಲ್ಲ. ತುಮಕೂರಿನ ಮುಖ್ಯ ಶಾಖೆಗೆ ಹತ್ತು ಹದಿನೈದು ದಿನ ಮೊದಲೇ ಹೇಳಿಟ್ಟರೆ ತರಿಸಿಕೊಡುವುದುಂಟು. ಇಲ್ಲವೇ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಹಣ ವಿನಿಮಯದಾರರು, ಬೆಂಗಳೂರಿನ ಎಂ.ಜಿ. ರಸ್ತೆಯ ಆಸುಪಾಸಿನಲ್ಲಿ ಇಂಥವರು ಹಲವರಿದ್ದಾರೆ, ಪೈಪೋಟಿ ಇರುವುದರಿಂದ ರೇಟೂ ಕೊಂಚ ಹದವಾಗಿರುತ್ತದೆ. ಪರವಾನಗಿ ಪತ್ರವನ್ನು ಕೌಂಟರಿನಲ್ಲಿ ಕಾಣುವಂತೆ ತೂಗುಹಾಕಿರುತ್ತಾರೆ, ನೋಡಿಯೇ ವ್ಯವಹಾರ ಮಾಡಿ.

ನಿಮ್ಮ ಕಡೆಯವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ತುಮಕೂರಿನಿಂದ ವಿಮಾನ ನಿಲ್ದಾಣಕ್ಕೆ ಈಗ ಬಹಳ ಮಂದಿ ಬೆಂಗಳೂರು ಪೇಟೆಯೊಳಗೆ ಹೋಗುವುದೇ ಇಲ್ಲ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುತ್ತಾರೆ. ದಾರಿ ಸಲೀಸು, ಆದರೆ 'ಹೋಗ್ತಾ ಬೆಂಗಳೂರಲ್ಲಿ ಡಾಲರ್ ತಗೊಂಡ್ರಾಯ್ತು' ಎಂದುಕೊಂಡವರು ಒಂದೂ ಕೌಂಟರ್ ಕಾಣದೆ ನೇರ ನಿಲ್ದಾಣದೊಳಗೆ ಇರುತ್ತಾರೆ. ಅಲ್ಲಿನ ಕೌಂಟರಿನಲ್ಲಿ ಗಿರಾಕಿಗೆ ಬೇರೆ ದಾರಿಯಿಲ್ಲ, ರೇಟು ಅದಕ್ಕೆ ತಕ್ಕಂತೆಯೇ ಇರುತ್ತದೆ. ಹಾಗಾಗಿ ಹೊರಡುವ ವಾರದೊಳಗೆ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಈ ಕೆಲಸ ಮುಗಿಸಿಬಿಡಿ. ಪ್ರಯಾಣಕ್ಕೆ 60 ದಿನ ಮುಂಚಿನಿಂದಲೂ ಕೊಳ್ಳಬಹುದು. ರೇಟು ಇಳಿಯುತ್ತದೇನೋ ಎಂದು ಕಾಯುವ ಆಸೆ ಬಿಡಿ, ಮುನ್ನೂರು ನಾನೂರು ಡಾಲರ್ ಮೇಲೆ ಅದರ ಲಾಭ ಒಂದು ಊಟದ ಖರ್ಚೂ ಆಗುವುದಿಲ್ಲ.

ಒಯ್ಯಬೇಕಾದ ಕಾಗದಗಳು: ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್. ಅಲ್ಲೊಂದು ಘೋಷಣಾ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕೊಡುವ ರೂಪಾಯಿ 50 ಸಾವಿರ ದಾಟಿದರೆ ನಗದು ತೆಗೆದುಕೊಳ್ಳುವಂತಿಲ್ಲ, ಚೆಕ್ ಅಥವಾ ಖಾತೆಯಿಂದ ವರ್ಗಾವಣೆ. ಪಿಂಚಣಿಯ ಖಾತೆಯ ಚೆಕ್‌ಬುಕ್ ಜೊತೆಗಿರಲಿ. ಒಬ್ಬರು ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ ಒಯ್ಯಬಹುದಾದ್ದು 3,000 ಡಾಲರ್‌ವರೆಗೆ. ಮಿಕ್ಕದ್ದು ಕಾರ್ಡಿನಲ್ಲೋ ಖಾತೆಯ ಮೂಲಕವೋ ಹೋಗಬೇಕು. ನಿಮ್ಮ ಅಗತ್ಯಕ್ಕೆ ಅದು ಎಷ್ಟೋ ಹೆಚ್ಚು. ಹಜ್ ಮತ್ತು ಉಮ್ರಾಕ್ಕೆ ಹೋಗುವವರಿಗೆ ಈ ಮಿತಿಯಿಂದ ವಿನಾಯಿತಿ ಇದೆ. (ಇದರ ಹಿಂದೆ ಉದ್ದನೆಯ ಕಥೆಯೇ ಇದೆ. ಹಿಂದೆ ಕೊಲ್ಲಿಯ ಕೆಲವು ನಾಡುಗಳಲ್ಲಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಸೀಮೆಗೆಂದೇ ಬೇರೆ ನೋಟು, ಹಜ್ ಯಾತ್ರಿಕರಿಗೆಂದೇ ಇನ್ನೊಂದು ಬಗೆಯ ನೋಟು ಅಚ್ಚು ಹಾಕಿಸಿತು. ಈಗ ಅವು ನಾಣ್ಯ ಸಂಗ್ರಾಹಕರ ಹರಾಜಿನಲ್ಲಿ ಮಾತ್ರ ಕಾಣುತ್ತವೆ.)

ಈಗ ನಿಮ್ಮ ಬೀದಿಯವರ ಮಾತಿಗೆ ಬರೋಣ. ಒಪ್ಪಬೇಡಿ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ನನಗೂ ಗೊತ್ತು. ಮಕ್ಕಳು ಹೊರದೇಶದಲ್ಲಿರುವ ಎಷ್ಟೋ ಮನೆಗಳಲ್ಲಿ ಇದನ್ನು ಕೈಸಾಲದಷ್ಟೇ ಸಲೀಸಾಗಿ ಮಾಡುತ್ತಾರೆ. ಇಲ್ಲಿ ರೂಪಾಯಿ ಕೊಟ್ಟು ಅದಕ್ಕೆ ಪ್ರತಿಯಾಗಿ ಅಲ್ಲಿ ಡಾಲರ್ ಪಡೆಯುವುದು, ನಡುವೆ ಬ್ಯಾಂಕೂ ಇಲ್ಲ ಪರವಾನಗಿದಾರನೂ ಇಲ್ಲ ಎಂದಾದರೆ, ಕಾನೂನಿನ ಕಣ್ಣಿಗೆ ಹವಾಲಾದ ಸಣ್ಣ ತಮ್ಮ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ 3ನೇ ಸೆಕ್ಷನ್ ಇದನ್ನು ತಡೆಯುತ್ತದೆ, ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ನಿಮ್ಮ ಎಪ್ಪತ್ತು ಎಂಬತ್ತು ಸಾವಿರ ರೂಪಾಯಿಗೆ ಯಾರೂ ಬೆನ್ನು ಹತ್ತಿ ಬರಲಿಕ್ಕಿಲ್ಲ ಎನ್ನುತ್ತೀರಿ. ಇರಬಹುದು. ಆದರೆ ನೀವು ರೂಪಾಯಿ ಕೊಟ್ಟ ಖಾತೆಯ ಮೇಲೆ ನಾಳೆ ಇನ್ಯಾವುದೋ ವಿಚಾರಕ್ಕೆ ತನಿಖೆ ಬಂದರೆ, 'ಈ ಹಣ ಯಾತಕ್ಕೆ ಕೊಟ್ಟಿರಿ' ಎಂಬ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರವಿರುವುದಿಲ್ಲ. ಉಳಿತಾಯವಾದರೂ ಎಷ್ಟು? ಮೇಲಿನ ಲೆಕ್ಕದಂತೆ ಎರಡು ಸಾವಿರ ರೂಪಾಯಿ ಆಚೀಚೆ.

ಈ ಅಭ್ಯಾಸ ಹಳೆಯ ಕಾಲದ ಬಳುವಳಿ. ನಿಮ್ಮ ತಂದೆಯ ತಲೆಮಾರಿನಲ್ಲಿ ಸರ್ಕಾರದ ಬಳಿ ಡಾಲರೇ ಇರಲಿಲ್ಲ. 1960ರ ದಶಕದಲ್ಲಿ ಓದಲೆಂದು ಹೊರಟ ಹುಡುಗರು ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಕಥೆಯನ್ನು ಆ ಕಾಲದವರೆಲ್ಲ ಹೇಳುತ್ತಾರೆ. 1966ರ ಜೂನ್ 6ರಂದು ರೂಪಾಯಿ ಅಪಮೌಲ್ಯವಾಗುವ ಮುನ್ನ ಡಾಲರಿಗೆ 4 ರೂಪಾಯಿ 76 ಪೈಸೆ, ಆಮೇಲೆ 7 ರೂಪಾಯಿ 50 ಪೈಸೆ. ಆ ಎಂಟು ಡಾಲರಿನ ಬೆಲೆ 38 ರೂಪಾಯಿಯಿಂದ 60ಕ್ಕೆ ಏರಿತು. 1973ರ ಕಾಯ್ದೆ ಬಂದ ಮೇಲಂತೂ ಅನುಮತಿಯಿಲ್ಲದೆ ಡಾಲರ್ ವ್ಯವಹಾರ ಮಾಡಿದವರನ್ನು ಜೈಲಿಗೆ ಕಳಿಸಬಹುದಿತ್ತು. ಸರ್ಕಾರ ಕೊಡುವುದು ಎಂಟು ಡಾಲರ್, ಬೇಕಾಗುವುದು ಎಂಟು ನೂರು; ಜನ ಪರಸ್ಪರ ಕೈಬದಲು ಮಾಡಿಕೊಳ್ಳದೆ ಇನ್ನೇನು ಮಾಡಿಯಾರು? 1991ರಲ್ಲಿ ದೇಶ ಚಿನ್ನ ಒತ್ತೆಯಿಟ್ಟಿತು, 1994ರ ಆಗಸ್ಟ್‌ನಲ್ಲಿ ಪ್ರವಾಸ, ಓದು, ಚಿಕಿತ್ಸೆಯಂಥ ಖರ್ಚಿಗೆ ಡಾಲರ್ ಬಾಗಿಲು ತೆರೆಯಿತು, 2000ದ ಜೂನ್‌ನಿಂದ ಈಗಿನ ಮೃದು ಕಾಯ್ದೆ. 2004ರಲ್ಲಿ ವ್ಯಕ್ತಿಯೊಬ್ಬರು ವರ್ಷಕ್ಕೆ 25 ಸಾವಿರ ಡಾಲರ್ ಹೊರಗೆ ಕಳಿಸಬಹುದು ಎಂದದ್ದು ಈಗ ಎರಡೂವರೆ ಲಕ್ಷಕ್ಕೆ ಬಂದಿದೆ. ನಿಮಗೊಂದು ಎರಡೂವರೆ ಲಕ್ಷ, ನಿಮ್ಮ ಮನೆಯವರಿಗೆ ಬೇರೆಯೇ ಎರಡೂವರೆ ಲಕ್ಷ. ಇಷ್ಟು ಸಲೀಸಾಗಿರುವಾಗ ಕಳ್ಳದಾರಿ ಏಕೆ? ಹಾಂ, ಅಲ್ಲಿ ಹೋದ ಮೇಲೆ ಮಗಳು ಅಳಿಯ ನಿಮ್ಮ ಖರ್ಚು ನೋಡಿಕೊಂಡರೆ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ರತಿಯಾಗಿ ಇಲ್ಲಿ ಯಾರಿಗೂ ಏನೂ ಕೊಡಬೇಕಿಲ್ಲವಲ್ಲ.

ತೆರಿಗೆ ಕಡಿತದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಕಿವಿಗೆ ಹಾಕಿಯೇ ಹಾಕುತ್ತಾರೆ. ಒಂದು ಆರ್ಥಿಕ ವರ್ಷದಲ್ಲಿ ನೀವು ಕೊಳ್ಳುವ ವಿದೇಶಿ ಹಣ 10 ಲಕ್ಷ ರೂಪಾಯಿ ದಾಟದಿದ್ದರೆ (2025ರ ಏಪ್ರಿಲ್‌ಗೆ ಮೊದಲು ಈ ಮಿತಿ 7 ಲಕ್ಷವಿತ್ತು) ಮೂಲದಲ್ಲಿ ತೆರಿಗೆ ಹಿಡಿಯುವುದಿಲ್ಲ. ಟೂರ್ ಕಂಪನಿಯ ಪ್ಯಾಕೇಜ್ ಕೊಂಡವರಿಗೆ ಮಾತ್ರ ಮೊದಲ ರೂಪಾಯಿಯಿಂದಲೇ ಹಿಡಿಯುತ್ತಾರೆ. ಅದೂ ಹೋಗಿಯೇಬಿಡುವ ಹಣವಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ ವಾಪಸ್ ಪಡೆಯಬಹುದು.

ಎಷ್ಟು ಒಯ್ಯಬೇಕು? ಮಗಳ ಮನೆಯಲ್ಲೇ ಇರುವ ಇಬ್ಬರಿಗೆ ನನ್ನ ಲೆಕ್ಕ ಹೀಗೆ: ನೋಟಿನಲ್ಲಿ ಇಬ್ಬರಿಂದ ಸೇರಿ ಐನೂರು ಅರುನೂರು ಡಾಲರ್, ಬ್ಯಾಂಕಿನ ಫಾರೆಕ್ಸ್ ಕಾರ್ಡಿನಲ್ಲಿ ಒಂದು ಸಾವಿರದಷ್ಟು, ಮತ್ತೆ ಇನ್ನೊಂದು ಬ್ಯಾಂಕಿನ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಆಪತ್ತಿಗೆ. ಇದಕ್ಕಿಂತ ಹೆಚ್ಚು ಬೇಕಾದರೆ ಅಲ್ಲಿಂದಲೇ ಫೋನಿನಲ್ಲಿ ಕಾರ್ಡಿಗೆ ತುಂಬಿಕೊಳ್ಳುವ ಸೌಲಭ್ಯ ಹಲವು ಬ್ಯಾಂಕುಗಳಲ್ಲಿದೆ, ಕೊಳ್ಳುವಾಗಲೇ ಕೇಳಿ. ನೋಟು ಕೊಳ್ಳುವಾಗ ಕೌಂಟರಿನವರು ನೂರರ ನೋಟುಗಳನ್ನೇ ಎಣಿಸಿ ಕೊಡಲು ನೋಡುತ್ತಾರೆ. ಬೇಡವೆನ್ನಿ, ಇಪ್ಪತ್ತರ ನೋಟು ಕೇಳಿ. ಅಮೆರಿಕದ ಸಣ್ಣ ಅಂಗಡಿಗಳಲ್ಲಿ ಐವತ್ತು, ನೂರರ ನೋಟು ತೆಗೆದುಕೊಳ್ಳುವುದಿಲ್ಲ ಎಂದು ಬರೆದೇ ಹಾಕಿರುವುದುಂಟು. ಇನ್ನೊಂದು ಎಚ್ಚರ: ನಮ್ಮ ನೋಟುಗಳಂತೆ ಬೆಲೆ ಬದಲಾದ ಹಾಗೆ ಅಳತೆ ಬದಲಾಗುವುದಿಲ್ಲ. ಒಂದು ಡಾಲರೂ ನೂರು ಡಾಲರೂ ಒಂದೇ ಉದ್ದ, ಒಂದೇ ಅಗಲ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಕನ್ನಡಕ ಹಾಕಿಕೊಂಡೇ ಪರ್ಸ್ ತೆಗೆಯಿರಿ. ಮೇಲೆ ಬರೆದ ಬೆಲೆಗೆ ಬಿಲ್ಲು ಮಾಡುವಾಗ ಮಾರಾಟ ತೆರಿಗೆ ಸೇರುತ್ತದೆ ಎಂಬುದೂ ತಿಳಿದಿರಲಿ. ಹತ್ತು ಡಾಲರ್ ಎಂದು ಚೀಟಿಯಿರುವ ವಸ್ತುವಿಗೆ ಹತ್ತೂ ಚಿಲ್ಲರೆ ಕೇಳಿದರೆ ಜಗಳಕ್ಕೆ ನಿಲ್ಲಬೇಡಿ.

ಫಾರೆಕ್ಸ್ ಕಾರ್ಡ್ ಎಂದರೆ ಮೊದಲೇ ಡಾಲರ್ ತುಂಬಿಟ್ಟ ಕಾರ್ಡ್. ತುಂಬಿದ ದಿನದ ರೇಟೇ ಕೊನೆಯವರೆಗೆ. ಸಾಮಾನ್ಯ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನಲ್ಲಿ ಹೊರದೇಶದ ಪ್ರತಿ ಖರ್ಚಿಗೂ ಬ್ಯಾಂಕು ಶೇ 3.5ರವರೆಗೂ ಮೇಲ್ತೆರ ಹಾಕುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ. ಕೆಲವು ಕ್ರೆಡಿಟ್ ಕಾರ್ಡುಗಳಲ್ಲಿ ಮಾತ್ರ ಇದು ಕಡಿಮೆ, ಇಲ್ಲವೆನ್ನುವಷ್ಟು ಕಡಿಮೆಯೂ ಇರುತ್ತದೆ. ಡಾಲರ್ ಕಾರ್ಡನ್ನು ಡಾಲರ್ ನಾಡಿನಲ್ಲೇ ಬಳಸಿ. ದಾರಿಯಲ್ಲಿ ದೋಹಾದಲ್ಲೋ ಫ್ರಾಂಕ್‌ಫರ್ಟಿನಲ್ಲೋ ವಿಮಾನ ಬದಲಿಸುವಾಗ ಅದರಿಂದ ಕಾಫಿ ಕುಡಿದರೆ ಡಾಲರಿನಿಂದ ಅಲ್ಲಿನ ಹಣಕ್ಕೆ ಇನ್ನೊಂದು ಪರಿವರ್ತನೆ, ಇನ್ನೊಂದು ಶುಲ್ಕ. ನೂರರ ನೋಟು ಮುರಿಸಿದಿರೋ, ಉಳಿದ ಚಿಲ್ಲರೆಯನ್ನು ರಿಯಾಲಿನಲ್ಲೋ ಯೂರೋದಲ್ಲೋ ಕೈಗಿಡುತ್ತಾರೆ, ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಕುಡಿಯುವ ನೀರು ನಿಲ್ದಾಣದಲ್ಲಿ ನಲ್ಲಿಯಲ್ಲೇ ಸಿಗುತ್ತದೆ, ಖಾಲಿ ಬಾಟಲಿ ಇರಲಿ. ಫಾರೆಕ್ಸ್ ಕಾರ್ಡಿಗೆ ಎರಡು ಕಡೆ ಮುಖಭಂಗವಾಗುವುದುಂಟು: ಹೋಟೆಲಿನಲ್ಲಿ ಮತ್ತು ಬಾಡಿಗೆ ಕಾರಿನ ಕೌಂಟರಿನಲ್ಲಿ ಮುಂಗಡವೆಂದು ದೊಡ್ಡ ಮೊತ್ತ ತಡೆಹಿಡಿಯುತ್ತಾರೆ, ಅಲ್ಲಿಗೆ ಕ್ರೆಡಿಟ್ ಕಾರ್ಡೇ ಸರಿ, ಪೆಟ್ರೋಲ್ ಬಂಕಿನ ಯಂತ್ರ ಅಮೆರಿಕದ ಪಿನ್‌ಕೋಡ್ ಕೇಳುತ್ತದೆ, ನಮ್ಮ 572216 ಅದಕ್ಕೆ ಅರ್ಥವಾಗುವುದಿಲ್ಲ. ಒಳಗೆ ಹೋಗಿ ಕ್ಯಾಷಿಯರ್ ಹತ್ತಿರ ಕೊಡಬೇಕು, ಅಥವಾ ಅಳಿಯಂದಿರಿಗೆ ಬಿಡಬೇಕು.

ಒಂದು ಮಾತನ್ನು ಮನೆಯವರಿಬ್ಬರೂ ಬಾಯಿಪಾಠ ಮಾಡಿಕೊಳ್ಳಿ. ಅಂಗಡಿಯ ಯಂತ್ರವೋ ಎಟಿಎಮ್ಮೋ ನಮ್ಮ ಕಾರ್ಡಿನ ಮೂಲ ತಿಳಿದ ಕೂಡಲೇ ಬಹಳ ವಿನಯದಿಂದ ಕೇಳುತ್ತದೆ: 'ಡಾಲರಿನಲ್ಲಿ ಕೊಡುತ್ತೀರೋ, ನಿಮ್ಮ ರೂಪಾಯಿಯಲ್ಲಿ ಕೊಡುತ್ತೀರೋ?' ರೂಪಾಯಿಯ ಮೊತ್ತವನ್ನೂ ತೋರಿಸುತ್ತದೆ. ಪರದೇಶದಲ್ಲಿ ರೂಪಾಯಿ ಚಿಹ್ನೆ ಕಂಡ ಸಂತೋಷಕ್ಕೆ ಬೆರಳು ಅತ್ತಲೇ ಹೋಗುತ್ತದೆ. ಒತ್ತಬೇಡಿ. ರೂಪಾಯಿ ಎಂದರೆ ಆ ಯಂತ್ರದವನು ತನಗೆ ಬೇಕಾದ ರೇಟು ಹಾಕುತ್ತಾನೆ, ಅದು ಬ್ಯಾಂಕಿನ ರೇಟಿಗಿಂತ ಯಾವಾಗಲೂ ದುಬಾರಿ ಎಂದೇ ಇಟ್ಟುಕೊಳ್ಳಿ. ಕೆಲವು ಬ್ಯಾಂಕುಗಳು ಅದರ ಮೇಲೂ ತಮ್ಮ ಶುಲ್ಕ ಎಳೆಯುತ್ತವೆ. ಯಾವ ದೇಶದಲ್ಲಿದ್ದೀರೋ ಆ ದೇಶದ ಹಣವನ್ನೇ ಆರಿಸಿ. ಎಟಿಎಂನಿಂದ ಪದೇ ಪದೇ ಇಪ್ಪತ್ತು ನಲವತ್ತು ತೆಗೆಯುವುದೂ ಬೇಡ, ಪ್ರತಿ ಸಲಕ್ಕೂ ಅಲ್ಲಿನ ಯಂತ್ರದ್ದೊಂದು, ನಮ್ಮ ಬ್ಯಾಂಕಿನದೊಂದು ಶುಲ್ಕ ಬೀಳುತ್ತದೆ.

ನಿಮ್ಮ ಪತ್ರದ ಪ್ರತಿ ಸಾಲಿನಲ್ಲೂ ಹಣ ಹಿಡಿಯುವವರು ನೀವೊಬ್ಬರೇ. ಅದನ್ನು ಬದಲಿಸಿ. ಬಾಣಂತಿ ಮನೆಯಲ್ಲಿ ಮೆಂತ್ಯ, ಬೆಳ್ಳುಳ್ಳಿ, ಓಮ ಎಂದು ಇಂಡಿಯನ್ ಅಂಗಡಿಗೆ ಓಡಾಡುವವರು ನಿಮ್ಮ ಮನೆಯವರೇ ಆಗಿರುತ್ತಾರೆ. ಅವರ ಹೆಸರಿನಲ್ಲೂ ಒಂದು ಕಾರ್ಡಿರಲಿ, ಅದರ ಪಿನ್ ಅವರಿಗೇ ಗೊತ್ತಿರಲಿ, ತುಮಕೂರಿನ ಯಾವುದಾದರೂ ಅಂಗಡಿಯಲ್ಲಿ ಎರಡು ಸಲ ಉಜ್ಜಿ ಅಭ್ಯಾಸವಾಗಲಿ. ನೋಟು, ಕಾರ್ಡುಗಳನ್ನೂ ಇಬ್ಬರ ಬ್ಯಾಗಿಗೆ ಹಂಚಿ. ಲಗೇಜಿಗೆ ಹಾಕುವ ಸೂಟ್‌ಕೇಸಿನಲ್ಲಂತೂ ಒಂದು ಡಾಲರೂ ಬೇಡ.

ಹೊರಡುವ ಮುನ್ನ ಬ್ಯಾಂಕಿನಲ್ಲಿ ಮಾಡಿಸಬೇಕಾದ ಚಿಲ್ಲರೆ ಕೆಲಸಗಳೇ ಆಮೇಲೆ ದೊಡ್ಡ ತಲೆನೋವಾಗುವುದು. 2020ರಿಂದ ನಮ್ಮ ಕಾರ್ಡುಗಳು ಹೊರದೇಶದಲ್ಲಿ ತಾವಾಗಿ ನಡೆಯುವುದಿಲ್ಲ, ಬ್ಯಾಂಕಿನ ಆಪ್‌ನಲ್ಲೋ ಶಾಖೆಯಲ್ಲೋ ಅದನ್ನು ನಾವೇ ತೆರೆಸಬೇಕು, ಮಿತಿಯನ್ನೂ ನಾವೇ ಇಡಬೇಕು. ಅದಕ್ಕಿಂತ ಮುಖ್ಯ ನಿಮ್ಮ ಫೋನ್ ನಂಬರು. ಬ್ಯಾಂಕಿನ ಒಟಿಪಿ ಬರುವುದು ಗುಬ್ಬಿಯ ಆ ಸಿಮ್‌ಗೇ. ಅಮೆರಿಕದ ಸಿಮ್ ಸಿಕ್ಕ ಖುಷಿಗೆ ಇದನ್ನು ತೆಗೆದು ಡಬ್ಬಿಗೆ ಹಾಕಿದರೆ, 90 ದಿನ ಬಳಕೆಯಿಲ್ಲದ ನಂಬರನ್ನು ಕಂಪನಿ ಮುಚ್ಚಬಹುದು, ಬೇರೆಯವರಿಗೂ ಕೊಡಬಹುದು. ರೋಮಿಂಗ್ ತೆರೆಸಿ, ಆರು ತಿಂಗಳಿಗೂ ಸಾಲುವಷ್ಟು ರೀಚಾರ್ಜ್ ಮಾಡಿಸಿ, ಎರಡನೇ ಸಿಮ್ ಕಿಂಡಿಯಲ್ಲಿ ಅದು ಕೂತಿರಲಿ. ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು ನೀವು ಅಲ್ಲಿರುವ ಅವಧಿಯಲ್ಲೇ ಬಿದ್ದರೆ ಏನು ಮಾಡಬೇಕೆಂದು ಖಜಾನೆಯಲ್ಲೋ ಬ್ಯಾಂಕಿನಲ್ಲೋ ಈಗಲೇ ಕೇಳಿಟ್ಟುಕೊಳ್ಳಿ. ಬೆಸ್ಕಾಂ ಬಿಲ್ಲು, ಎಲ್‌ಐಸಿ ಕಂತು ತಾವಾಗಿ ಕಟ್ಟಿಹೋಗುವಂತೆ ಮಾಡಿ. ವಿಮೆ ಇಲ್ಲದೆ ಮಾತ್ರ ಹೊರಡಬೇಡಿ. ಅಮೆರಿಕದಲ್ಲಿ ತುರ್ತು ಚಿಕಿತ್ಸೆಯ ಒಂದು ರಾತ್ರಿ ನಿಮ್ಮ ವರ್ಷದ ಪಿಂಚಣಿಯನ್ನು ನುಂಗಬಹುದು, ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಬರೆಸಿ, ಮೊದಲೇ ಇದ್ದ ಕಾಯಿಲೆಗೆ ವಿಮೆ ಎಷ್ಟು ಕೊಡುತ್ತದೆ ಎಂಬ ಸಾಲನ್ನು ಓದಿಯೇ ಹಣ ಕಟ್ಟಿ.

ರೂಪಾಯಿ ನೋಟನ್ನೂ ಸ್ವಲ್ಪ ಇಟ್ಟುಕೊಳ್ಳಿ. ತಲಾ 25 ಸಾವಿರದವರೆಗೆ ಒಯ್ದು ವಾಪಸ್ ತರಬಹುದು. ಮರಳಿ ಬಂದು ದೇವನಹಳ್ಳಿಯಲ್ಲಿ ಇಳಿದಾಗ ಗುಬ್ಬಿಗೆ ಕಾರು ಹಿಡಿಯಲು ಮತ್ತೆ ಡಾಲರ್ ಮುರಿಸುವ ಕಷ್ಟ ತಪ್ಪುತ್ತದೆ. ಅಮೆರಿಕದೊಳಗೆ ಹೋಗುವಾಗ ಕುಟುಂಬದ ಬಳಿ 10 ಸಾವಿರ ಡಾಲರಿಗಿಂತ ಹೆಚ್ಚಿದ್ದರೆ ಘೋಷಿಸಬೇಕು. ಬರುವಾಗ ಮಗಳು ಒತ್ತಾಯದಿಂದ ಕೊಟ್ಟಾಳು. ನೋಟೇ 5 ಸಾವಿರ ಡಾಲರ್ ದಾಟಿದರೆ ನಮ್ಮ ಕಸ್ಟಮ್ಸ್‌ನವರಿಗೆ ಬರೆದುಕೊಡಬೇಕು. ಬರೆದುಕೊಟ್ಟರೆ ಅದಕ್ಕೆ ತೆರಿಗೆಯಿಲ್ಲ, ಬರೆಯದಿದ್ದರೆ ತೊಂದರೆ.

ಇನ್ನು ನಿಮ್ಮ ಷಡ್ಡಕರ ಮುಕ್ತಿನಾಥ. ಅವರ ಲೋಕವೇ ಬೇರೆ. ನೇಪಾಳಕ್ಕೆ ಡಾಲರ್ ಬೇಡ, ಪಾಸ್‌ಪೋರ್ಟೂ ಬೇಕೇಬೇಕೆಂದಿಲ್ಲ, ಮತದಾರರ ಗುರುತಿನ ಚೀಟಿ ಸಾಕು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ, 1993ರಿಂದಲೂ ಇದೇ ದರ ಕಟ್ಟಿಹಾಕಿದ್ದಾರೆ. ಹಾಗಾಗಿ ನಿಮ್ಮ ಹಾಗೆ ರೇಟು ನೋಡಿ ನಿಟ್ಟುಸಿರು ಬಿಡುವ ಕೆಲಸ ಅವರಿಗಿಲ್ಲ. ಎರಡೂ ಕಡೆಯದು ರೂಪಾಯಿಯೇ ಆದ್ದರಿಂದ ಬೆಲೆ ಕೇಳುವಾಗ 'ಐಸಿಯೋ, ಎನ್‌ಸಿಯೋ' ಎಂದು ಕೇಳಿಬಿಡಲಿ. ಭಾರತದ ಹಣಕ್ಕೆ ಐಸಿ, ನೇಪಾಳದ್ದಕ್ಕೆ ಎನ್‌ಸಿ ಎನ್ನುವುದು ಅಲ್ಲಿನ ಅಂಗಡಿ, ಟ್ಯಾಕ್ಸಿಗಳ ರೂಢಿ. ಎನ್‌ಸಿಯಲ್ಲಿ ಹೇಳಿದ ಬೆಲೆಗೆ ನಮ್ಮ ನೋಟು ಎಣಿಸಿಕೊಟ್ಟವರು ಒಂದಕ್ಕೆ ಒಂದೂವರೆಗಿಂತ ಹೆಚ್ಚು ತೆತ್ತಿರುತ್ತಾರೆ.

ನೂರರ ನೋಟಿನ ಕಟ್ಟುಗಳನ್ನೇ ಒಯ್ಯಲಿ. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿದಾಗ ಐನೂರರ ನೋಟು ಹೊತ್ತು ಹೋದ ಯಾತ್ರಿಕರು ಪಟ್ಟ ಪಾಡು ಇನ್ನೂ ಮಾಸಿಲ್ಲ. ದೊಡ್ಡ ನೋಟಿನ ನಿಯಮ ಎರಡೂ ಸರ್ಕಾರಗಳ ಕೈಯಲ್ಲಿ ಬದಲಾಗುತ್ತಿರುತ್ತದೆ, ಹೊರಡುವ ವಾರ ಟೂರಿನವರ ಬಳಿ ವಿಚಾರಿಸಿದರೆ ಒಳ್ಳೆಯದು. ನೂರರ ನೋಟಿಗೆ ಆ ರಗಳೆಯೇ ಇಲ್ಲ. ಕಠ್ಮಂಡು, ಪೋಖರಾಗಳಲ್ಲಿ 2024ರಿಂದ ನಮ್ಮ ಯುಪಿಐ ಕೂಡ ಕ್ಯೂಆರ್ ಫಲಕ ಇರುವ ಅಂಗಡಿಗಳಲ್ಲಿ ನಡೆಯುತ್ತದೆ. ಆಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲು ತೆರೆದುಕೊಳ್ಳಬೇಕು. (ಅಮೆರಿಕದ ಅಂಗಡಿಗಳಲ್ಲಿ ನಿಮ್ಮ ಯುಪಿಐ ಮಾತ್ರ ನಡೆಯುವುದಿಲ್ಲ, ಆ ಭರವಸೆ ಇಟ್ಟುಕೊಳ್ಳಬೇಡಿ.) ಆದರೆ ಜೋಮ್‌ಸೋಮ್ ದಾಟಿ ಮೇಲೆ ಹೋದಂತೆ, ಮೂರೂಮುಕ್ಕಾಲು ಸಾವಿರ ಮೀಟರ್ ಎತ್ತರದಲ್ಲಿ, ಕುದುರೆಯವನಿಗೂ ಡೋಲಿಯವನಿಗೂ ಕೊಡಬೇಕಾದ್ದು ಕೈನಗದು. ಪೋಖರಾದಲ್ಲೇ ಸಾಕಷ್ಟು ನೇಪಾಳಿ ಹಣ ಮಾಡಿಕೊಂಡು, ಸಣ್ಣ ನೋಟುಗಳಾಗಿ ಒಳಜೇಬಿನಲ್ಲಿ ಇಟ್ಟುಕೊಂಡು ಹತ್ತಲಿ. ಉಳಿದ ನೇಪಾಳಿ ಹಣವನ್ನು ಗಡಿ ದಾಟುವ ಮುನ್ನವೇ ಸುನೌಲಿಯಲ್ಲೋ ಕಠ್ಮಂಡುವಿನಲ್ಲೋ ಬದಲಾಯಿಸಿಬಿಡಬೇಕು, ಕುಣಿಗಲ್‌ನಲ್ಲಿ ಅದನ್ನು ಕೊಳ್ಳುವವರು ಸಿಗುವುದಿಲ್ಲ.

ನಿಮ್ಮ ಉಳಿದ ಡಾಲರಿಗಾದರೋ ಅಷ್ಟು ಅವಸರವಿಲ್ಲ. ಮರಳಿದ 180 ದಿನದೊಳಗೆ ಬ್ಯಾಂಕಿಗೋ ಪರವಾನಗಿದಾರರಿಗೋ ಮಾರಬೇಕೆಂಬುದು ನಿಯಮ, ಆದರೆ 2,000 ಡಾಲರ್‌ವರೆಗಿನ ನೋಟನ್ನು ಮನೆಯಲ್ಲೇ ಇಟ್ಟುಕೊಳ್ಳಲು ಅವಕಾಶವಿದೆ. ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮತ್ತೆ ಹೋಗುವ ಯೋಚನೆಯಿದ್ದರೆ ಐದು ರೂಪಾಯಿ ನಷ್ಟಕ್ಕೆ ಮಾರುವುದಕ್ಕಿಂತ ಬೀರುವಿನಲ್ಲಿಡುವುದೇ ಲಾಭ. ನಾಣ್ಯಗಳನ್ನು ಇಲ್ಲಿ ಯಾವ ಕೌಂಟರಿನವರೂ ಕೊಳ್ಳುವುದಿಲ್ಲ, ಅವನ್ನು ಅಲ್ಲೇ ಅಂಗಡಿಯಲ್ಲಿ ಕೊಟ್ಟು ಮುಗಿಸಿ ಬನ್ನಿ.